ಕೆಟ್ಟದ್ದು ಯಾವುದು ಎಂಬ ಅರಿವು

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಪೂಜ್ಯ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ನಿನ್ನೆಯ ದಿನ ಅರಿವು ಮತ್ತು ಮರವೆ ಎಂಬ ವಿಷಯವನ್ನು ಕುರಿತು ನಾಲ್ಕು ಮಾತು ಹೇಳಿದ್ದೆವು. ಪ್ರವಚನ ಮುಗಿದ ಮೇಲೆ ಹಿರಿಯರೊಬ್ಬರು ಹತ್ತಿರ ಬಂದು, "ಬುದ್ಧಿ, ಅರಿವು ಅರಿವು ಅಂತ ಅಪ್ಪಣೆ ಕೊಡಿಸ್ತೀರಿ. ನಮ್ಮಂಥ ಸಂಸಾರಿಗಳಿಗೆ ಅದು ಯಾವ ಹೊತ್ತಿನಲ್ಲಿ ಕೆಲಸಕ್ಕೆ ಬರುತ್ತೆ, ಒಂದು ದೃಷ್ಟಾಂತ ಕೊಟ್ಟು ಹೇಳಿ" ಎಂದು ಕೇಳಿಕೊಂಡರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ಆದುದರಿಂದ ಇಂದು ಪುರಾಣದ ದೃಷ್ಟಾಂತವನ್ನು ಬಿಟ್ಟು, ರಸ್ತೆಯ ಮೇಲಿನ ದೃಷ್ಟಾಂತವೊಂದನ್ನು ಎತ್ತಿಕೊಳ್ಳುತ್ತೇವೆ. ವಿದ್ಯುತ್ತಿನಿಂದ ಓಡುವ ಬಹು ಬೆಲೆಯ ಕಾರು. ಅದರ ಬ್ಯಾಟರಿ ಕೆಟ್ಟು ನಡುದಾರಿಯಲ್ಲಿ ನಿಂತರೆ ಮನುಷ್ಯ ಏನು ಮಾಡತಕ್ಕದ್ದು? ಇದೇ ಇಂದಿನ ವಿಷಯ.

ಸ್ವಾಮಿಗಳು ಮೋಟಾರು ರಿಪೇರಿಗೆ ಯಾವಾಗ ಇಳಿದರು ಎಂದು ನಗಬೇಡಿ. ಅಂಬಿಗರ ಚೌಡಯ್ಯನವರು ದೋಣಿ ನಡೆಸುತ್ತಲೇ ತತ್ತ್ವ ಹೇಳಿದರು. ನುಲಿಯ ಚಂದಯ್ಯನವರು ಹಗ್ಗ ಹೊಸೆಯುತ್ತಲೇ ಶಿವಯೋಗಿಗಳಾದರು. ಕಲ್ಯಾಣದ ಶರಣರಿಗೆ ಕೈಯಲ್ಲಿದ್ದ ಸಾಧನವೇ ಶಾಸ್ತ್ರವಾಯಿತು. ನಮ್ಮ ಕಾಲದವರ ಕೈಯಲ್ಲಿ ಬ್ಯಾಟರಿ ಇದೆ. ಅದರಿಂದಲೂ ಕಲಿಯೋಣ.

ಕೆಲವು ತಿಂಗಳ ಹಿಂದೆ ಒಬ್ಬ ತರುಣ ತನ್ನ ತಂದೆಯೊಡನೆ ಮಠಕ್ಕೆ ಬಂದ. ತಂದೆ ತೆಂಗಿನ ತೋಟದವರು, ಮಠದ ಹಳೆಯ ಭಕ್ತರು. ಮಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಫಲ ಇಟ್ಟು ನಮಸ್ಕಾರ ಮಾಡಿ, "ಬುದ್ಧಿ, ನನ್ನ ಕಾರು ಮಾರ್ತಾ ಇದೀನಿ. ಬೇಗ ಕೈಬಿಟ್ಟು ಹೋಗ್ಲಿ ಅಂತ ಆಶೀರ್ವಾದ ಮಾಡ್ಬೇಕು" ಎಂದ. ಮಾತು ಆಡುವಾಗ ತಲೆ ಎತ್ತಲಿಲ್ಲ. ತಂದೆ ಕಂಬಕ್ಕೆ ಒರಗಿ ಬೇರೆ ಕಡೆ ನೋಡುತ್ತ ಕುಳಿತಿದ್ದರು. ಇಲ್ಲಿ ಏನೋ ಇದೆ ಎಂದು ನಮಗೆ ಅನ್ನಿಸಿತು. "ಏನಪ್ಪಾ ವಿಷಯ, ಪೂರ್ತಿ ಹೇಳು" ಎಂದೆವು.

ಅವನು ಹೇಳಿದ್ದು ಇಷ್ಟು. ಹೊಸದಾಗಿದ್ದಾಗ ಕೋಟಿಗೂ ಮೇಲೆ ಬೆಲೆಯಿದ್ದ ವಿದೇಶದ ಎಲೆಕ್ಟ್ರಿಕ್ ಕಾರನ್ನು ಅವನು ಎರಡನೆಯ ಕೈಯಲ್ಲಿ ಸಾಲ ಮಾಡಿ ಕೊಂಡಿದ್ದ. ಗಾಡಿಗೆ 5 ವರ್ಷ ವಯಸ್ಸು. ಊರ ಜಾತ್ರೆಗೆ ಬರುತ್ತಿದ್ದಾಗ ಶಿರಾ ದಾಟಿದ ಮೇಲೆ ಎದುರಿನ ಪರದೆಯಲ್ಲಿ ಕೆಂಪು ಎಚ್ಚರಿಕೆ ಮೂಡಿತು. ಶಕ್ತಿ ಕುಗ್ಗುತ್ತ ಕುಗ್ಗುತ್ತ ಕಾರು ಹೆದ್ದಾರಿಯ ಪಕ್ಕದಲ್ಲಿ ನಿಂತೇಬಿಟ್ಟಿತು. ಲಾರಿಯ ಮೇಲೆ ಹೇರಿಕೊಂಡು ಬೆಂಗಳೂರಿಗೆ ಒಯ್ದದ್ದಾಯಿತು. ಅಲ್ಲಿ ನೋಡಿದವರು, "ಬ್ಯಾಟರಿ ಹೋಗಿದೆ, ಇಡಿಯಾಗಿ ಬದಲಾಯಿಸಬೇಕು" ಎಂದು ಒಂದು ಪಟ್ಟಿ ಕೊಟ್ಟರು. ಆ ಮೊತ್ತದಲ್ಲಿ ಊರಿನಲ್ಲಿ ಒಂದು ಒಳ್ಳೆಯ ಮನೆ ಕಟ್ಟಬಹುದಿತ್ತು. ತಂದೆ ಎರಡು ಎಕರೆ ತೋಟ ಮಾರುವ ಯೋಚನೆಗೂ ಬಂದಿದ್ದರಂತೆ. ಅಷ್ಟರಲ್ಲಿ ಸ್ನೇಹಿತನೊಬ್ಬ ಉಪಾಯ ಹೇಳಿಕೊಟ್ಟ. ಗಾಡಿ ತಣ್ಣಗಾದ ಮೇಲೆ ದೋಷದ ಸಂಕೇತವನ್ನು ಅಳಿಸಿದರೆ ಕೆಂಪು ದೀಪ ಆರುತ್ತದೆ. ನಲವತ್ತು ಐವತ್ತು ಕಿಲೋಮೀಟರು ಚೆನ್ನಾಗಿಯೇ ಓಡುತ್ತದೆ. ಅಷ್ಟರಲ್ಲಿ ಮಾರಿಬಿಡು ಎಂದು. ಕೊಳ್ಳುವವರೂ ಸಿಕ್ಕಿದ್ದರು. ಮುಂಗಡವನ್ನೂ ಕೊಟ್ಟಿದ್ದರು.

"ಕೊಳ್ಳುವವರಿಗೆ ಹೇಳಿದೆಯೇನಪ್ಪಾ?" ಎಂದು ಕೇಳಿದೆವು. ಉತ್ತರ ಬರಲಿಲ್ಲ. "ಅವರ ಮನೆಯಲ್ಲಿ ಮಕ್ಕಳಿದ್ದಾರೆಯೇ?" ಎಂದೆವು. "ಇಬ್ಬರು ಇದಾರೆ ಬುದ್ಧಿ" ಎಂದ. ಆಗ ತಂದೆಯ ಕಣ್ಣಲ್ಲಿ ನೀರು ಬಂತು.

ಬಂಧುಗಳೇ, ಈಗ ವಿಚಾರ ಮಾಡೋಣ. ಆ ಹುಡುಗ ಕೆಟ್ಟವನಲ್ಲ. ಅವನಿಗೆ ಬಂದದ್ದು ಭಯ. ಭಯದಲ್ಲಿ ಮನುಷ್ಯ ಮೊದಲು ಕಳೆದುಕೊಳ್ಳುವುದು ಒಂದು ಪ್ರಶ್ನೆಯನ್ನು. ಆ ಪ್ರಶ್ನೆ ಯಾವುದು? "ನಿಜವಾಗಿ ಕೆಟ್ಟದ್ದು ಯಾವುದು?" ಎಂಬುದು. ಈ ಪ್ರಶ್ನೆ ಕೇಳಿಕೊಳ್ಳದೆ ಒಬ್ಬ ಎಲ್ಲವನ್ನೂ ಬಿಸಾಡಲು ಹೊರಡುತ್ತಾನೆ. ಇನ್ನೊಬ್ಬ ಎಲ್ಲವನ್ನೂ ಮುಚ್ಚಿಡಲು ಹೊರಡುತ್ತಾನೆ.

ಎಲ್ಲವನ್ನೂ ಬಿಸಾಡಿದವನ ಕಥೆಯೂ ಉಂಟು. ಫಿನ್‌ಲೆಂಡ್ ಎಂಬ ದೇಶದಲ್ಲಿ 2021ರ ಡಿಸೆಂಬರಿನಲ್ಲಿ ನಡೆದದ್ದು. ಒಬ್ಬಾತನ ಬಳಿ 2013ರಲ್ಲಿ ತಯಾರಾದ ಟೆಸ್ಲಾ ಮಾಡೆಲ್ ಎಸ್ ಕಾರು ಇತ್ತು. ಅದು ಕೆಟ್ಟಿತು. ಬ್ಯಾಟರಿ ಬದಲಾಯಿಸಲು 20,000 ಯೂರೋಗೂ ಹೆಚ್ಚು ಬೇಕೆಂದು ತಿಳಿಯಿತು. ಆತ ಸಿಟ್ಟಿಗೆದ್ದು, ಯಾಲಾ ಎಂಬ ಹಳ್ಳಿಯ ಹಳೆಯ ಕಲ್ಲುಗಣಿಗೆ ಕಾರನ್ನು ಒಯ್ದು, 30 ಕಿಲೋ ಡೈನಮೈಟ್ ಕಟ್ಟಿಸಿ ಉಡಾಯಿಸಿಬಿಟ್ಟ. ಪ್ರಪಂಚವೆಲ್ಲ ಅದನ್ನು ನೋಡಿತು, ನಕ್ಕಿತು, ಮರೆಯಿತು. ಆತನ ಸಿಟ್ಟಿಗೆ ಕಾರಣವೇ ಇರಲಿಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಆ ಸಿಟ್ಟು ಹೊಗೆಯಾಗಿ ಹೋದ ಮೇಲೆ ಉಳಿದದ್ದು ಏನು? ಚೂರು ಲೋಹ. ಅದರಲ್ಲಿ ಕೆಟ್ಟದ್ದೂ ಹೋಯಿತು, ಚೆನ್ನಾಗಿದ್ದದ್ದೂ ಹೋಯಿತು.

ಹಾಗಾದರೆ ಈ ಬ್ಯಾಟರಿಯ ಒಳಗೆ ಇರುವುದೇನು? ನಮಗೆ ತಿಳಿಯದ ವಿಷಯ. ಆದ್ದರಿಂದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಭಕ್ತರೊಬ್ಬರನ್ನು ಕರೆಸಿ, ಒಂದು ಸಂಜೆ ಪೂರ್ತಿ ಕುಳಿತು ಕೇಳಿದೆವು. ಅವರಿಂದ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇವೆ.

ಇಂಥ ಕಾರಿನಲ್ಲಿ ಬ್ಯಾಟರಿ ಒಂದಲ್ಲ, ಎರಡು. ಒಂದು ದೊಡ್ಡದು. ಅದು ನೆಲಗಟ್ಟಿನ ಉದ್ದಕ್ಕೂ ಹಾಸಿದಂತೆ ಇರುತ್ತದೆ. ದೊಡ್ಡ ಕಾರುಗಳಲ್ಲಿ ಅರ್ಧ ಟನ್ನಿಗೂ ಮೇಲೆ ತೂಗುತ್ತದೆ. 400 ವೋಲ್ಟು, ಕೆಲವು ಕಾರುಗಳಲ್ಲಿ 800 ವೋಲ್ಟಿನ ಶಕ್ತಿ. ಗಾಲಿಯನ್ನು ತಿರುಗಿಸತಕ್ಕದ್ದು ಅದೇ. ಇನ್ನೊಂದು ಚಿಕ್ಕದು, ಸಾಮಾನ್ಯ ಕಾರಿನಲ್ಲಿರುವಂಥ 12 ವೋಲ್ಟಿನದು. ಬಾಗಿಲಿನ ಬೀಗ, ದೀಪ, ಕಂಪ್ಯೂಟರು ಇವೆಲ್ಲ ಚಿಕ್ಕದರ ಆಶ್ರಯದಲ್ಲಿವೆ. ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಒಂದು ಕೊಂಡಿ ಇದೆ, ಅದಕ್ಕೆ ಕಾಂಟ್ಯಾಕ್ಟರ್ ಎನ್ನುತ್ತಾರೆ. ಗಾಡಿ ನಿಂತಿರುವಾಗ ಆ ಕೊಂಡಿ ಸುರಕ್ಷತೆಗಾಗಿ ತೆರೆದುಕೊಂಡಿರುತ್ತದೆ. ಅದನ್ನು ಕೂಡಿಸುವುದು ಚಿಕ್ಕ ಬ್ಯಾಟರಿ. ಚಿಕ್ಕದು ಸತ್ತರೆ, ದೊಡ್ಡದು ತುಂಬಿ ತುಳುಕುತ್ತಿದ್ದರೂ ಕಾರು ಒಂದು ಅಂಗುಲ ಚಲಿಸುವುದಿಲ್ಲ. ಬಾಗಿಲೂ ತೆರೆಯದೆ ಹೋಗಬಹುದು.

ಇದೇ ಕಾರಣಕ್ಕೆ ವೈದ್ಯರಾದ ಭಕ್ತರೊಬ್ಬರು ಪೇಚಿಗೆ ಸಿಕ್ಕಿದ್ದರು. ಪರದೇಶಕ್ಕೆ ಹೋಗಿ ತಿಂಗಳ ಮೇಲೆ ತಿರುಗಿ ಬಂದರು. ಕಾರು ಮಾತೇ ಆಡಲಿಲ್ಲ. ಲಕ್ಷಾಂತರ ರೂಪಾಯಿ ಹೋಯಿತೆಂದು ತಲೆಯ ಮೇಲೆ ಕೈ ಹೊತ್ತು ಕುಳಿತರು. ಕೊನೆಗೆ ನೋಡಿದರೆ ದೊಡ್ಡದರಲ್ಲಿ ಶೇಕಡಾ 60 ಶಕ್ತಿ ಹಾಗೆಯೇ ಇತ್ತು, ಸತ್ತದ್ದು ಚಿಕ್ಕದು. ಕೀಲಿಕೈಯೊಳಗೆ ಅಡಗಿಸಿಟ್ಟಿದ್ದ ಲೋಹದ ಕೀಲಿಯಿಂದ ಬಾಗಿಲು ತೆರೆದು, ಕೆಲವು ಸಾವಿರ ರೂಪಾಯಿಯಲ್ಲಿ ಚಿಕ್ಕದನ್ನು ಬದಲಾಯಿಸಿದ್ದಾಯಿತು. ಆದ್ದರಿಂದ ಕಾರು ಏಳದಿದ್ದಾಗ ಮೊದಲು ಕೇಳತಕ್ಕ ಪ್ರಶ್ನೆ: ಸತ್ತದ್ದು ದೊಡ್ಡದೋ, ಚಿಕ್ಕದೋ?

ತಾಯಂದಿರೇ, ಇದು ಕಾರಿನ ಮಾತು ಮಾತ್ರವೇ? ನಮ್ಮೊಳಗೆ ಶಿವನು ಇಟ್ಟ ಶಕ್ತಿ ಅಪಾರವಾಗಿದೆ. ಅದಕ್ಕೆ ಕೊರತೆಯಿಲ್ಲ. ಅದನ್ನು ಬಾಳಿಗೆ ಜೋಡಿಸುವ ಎಚ್ಚರ ಬಹಳ ಚಿಕ್ಕದು, ಅಂಗೈಯಲ್ಲಿ ಹಿಡಿಸುವಷ್ಟು. ಅದಕ್ಕಾಗಿಯೇ ಗುರುವು ಅಂಗೈಗೆ ಇಷ್ಟಲಿಂಗವನ್ನು ಕರುಣಿಸಿದ್ದು. ದಿನಕ್ಕೆ ಹತ್ತು ನಿಮಿಷ ಅದನ್ನು ನೋಡುವ ಅಭ್ಯಾಸವನ್ನು ತಿಂಗಳುಗಟ್ಟಲೆ ಬಿಟ್ಟವನು, "ನನ್ನಲ್ಲಿ ಶಕ್ತಿಯೇ ಇಲ್ಲ ಬುದ್ಧಿ" ಎಂದು ಬಂದು ಹೇಳುತ್ತಾನೆ. ಶಕ್ತಿ ಇದೆಯಪ್ಪಾ, ಕೊಂಡಿ ಕೂಡಿಲ್ಲ.

ಇನ್ನು ದೊಡ್ಡ ಬ್ಯಾಟರಿಯ ಕಡೆಗೆ ಬರೋಣ. ಅದು ಒಂದೇ ಗಟ್ಟಿಯಾದ ವಸ್ತುವಲ್ಲ. ಆ ಟೆಸ್ಲಾ ಮಾಡೆಲ್ ಎಸ್ ಕಾರಿನ 85 ಕಿಲೋವಾಟ್-ಅವರ್ ಬ್ಯಾಟರಿಯಲ್ಲಿ ಬೆರಳುದ್ದದ 7,104 ಸಣ್ಣ ಸೆಲ್ಲುಗಳಿದ್ದವು. 74 ಸೆಲ್ಲು ಸೇರಿ ಒಂದು ಗುಂಪು. ಅಂಥ 6 ಗುಂಪು ಸೇರಿ ಒಂದು ಮಾಡ್ಯೂಲು. ಅಂಥ 16 ಮಾಡ್ಯೂಲು ಸೇರಿ ಒಂದು ಬ್ಯಾಟರಿ. ಜಾಗ್ವಾರ್ ಕಂಪನಿಯ ಐ-ಪೇಸ್ ಕಾರಿನಲ್ಲಿ 432 ಸೆಲ್ಲು, 36 ಮಾಡ್ಯೂಲು. ಪೋರ್ಷೆ ಟೈಕಾನ್ ಮೊದಲು ಬಂದಾಗ ಅದರ ದೊಡ್ಡ ಬ್ಯಾಟರಿಯಲ್ಲಿ 396 ಸೆಲ್ಲು, 33 ಮಾಡ್ಯೂಲು. ಲೆಕ್ಕ ಬೇರೆ ಬೇರೆ, ಕ್ರಮ ಒಂದೇ: ಕಿರಿದು ಕಿರಿದು ಕೂಡಿ ಹಿರಿದಾದದ್ದು.

ಈ ಗುಂಪುಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿರುತ್ತಾರೆ. ಊರಲ್ಲಿ ಬಣವೆಗೆ ಬೆಂಕಿ ಬಿದ್ದಾಗ ಕೆರೆಯಿಂದ ಬಣವೆಯವರೆಗೆ ಜನ ಸಾಲಾಗಿ ನಿಂತು ಕೊಡ ದಾಟಿಸುವುದನ್ನು ನೀವು ನೋಡಿದ್ದೀರಿ. ತೊಂಬತ್ತಾರು ಜನರ ಸಾಲಿನಲ್ಲಿ ತೊಂಬತ್ತೈದು ಜನ ಜಟ್ಟಿಗಳಿದ್ದು, ಒಬ್ಬನಿಗೆ ಮಾತ್ರ ಜ್ವರ ಇದ್ದರೆ, ನೀರು ಹೋಗುವುದು ಯಾರ ವೇಗದಲ್ಲಿ? ಜ್ವರ ಬಂದವನ ವೇಗದಲ್ಲಿ. ಬ್ಯಾಟರಿಯೂ ಹಾಗೆಯೇ. ಒಂದು ಗುಂಪು ಸೊರಗಿದರೆ ಗಾಡಿಯನ್ನು ಓಡಿಸುವಾಗ ಅದು ಎಲ್ಲರಿಗಿಂತ ಮೊದಲು ಬರಿದಾಗುತ್ತದೆ. ಬರಿದಾದದ್ದನ್ನು ಇನ್ನೂ ಹಿಂಡಿದರೆ ಅದು ಕೆಟ್ಟು ಅಪಾಯವಾಗುತ್ತದೆ. ಇದನ್ನು ಕಾಯಲು ಒಳಗೆ ಒಂದು ಕಾವಲು ಯಂತ್ರ ಇದೆ. ಬಿಎಂಎಸ್ ಎಂದು ಅದರ ಹೆಸರು. ಪ್ರತಿ ಗುಂಪಿನ ವೋಲ್ಟನ್ನೂ, ಅಲ್ಲಲ್ಲಿಯ ಬಿಸಿಯನ್ನೂ ಅದು ಬಿಡದೆ ನೋಡುತ್ತಿರುತ್ತದೆ. ಒಂದು ಸೋತಿತೆಂದು ಕಂಡ ಕೂಡಲೇ ಕೆಂಪು ದೀಪ ಹಚ್ಚಿ, ಶಕ್ತಿಯನ್ನು ಕುಗ್ಗಿಸಿ, ಕೊನೆಗೆ ಗಾಡಿಯನ್ನು ನಿಲ್ಲಿಸಿಬಿಡುತ್ತದೆ. ಶಿರಾದ ಹತ್ತಿರ ನಡೆದದ್ದು ಇದೇ. ಗಾಡಿಯನ್ನು ನಿಲ್ಲಿಸಿದವನು ಶತ್ರುವಲ್ಲ, ಕಾವಲುಗಾರ.

ಸ್ನೇಹಿತ ಹೇಳಿಕೊಟ್ಟ ಉಪಾಯ ಯಾವುದು? ಕಾವಲುಗಾರನ ಬಾಯಿ ಮುಚ್ಚಿಸುವುದು! ದೀಪ ಆರಿತು, ಸೆಲ್ಲು ವಾಸಿಯಾಯಿತೇ? ಇಲ್ಲ. ನಮ್ಮ ಅಂತಃಸಾಕ್ಷಿಯೂ ಇಂಥದೇ ಕೆಂಪು ದೀಪ. ಮೊದಲ ಸಲ ತಪ್ಪು ಮಾಡುವಾಗ ಅದು ಉರಿಯುತ್ತದೆ. ಅಳಿಸುತ್ತೇವೆ. ಎರಡನೆಯ ಸಲ ಅಳಿಸುವುದು ಸುಲಭ. ಮೂರನೆಯ ಸಲ ಅದು ಕಾಣುವುದೇ ಇಲ್ಲ. ದೀಪ ಕಾಣದವನು ತಾನು ಚೆನ್ನಾಗಿದ್ದೇನೆಂದು ತಿಳಿಯುತ್ತಾನೆ. ಕೆಟ್ಟದ್ದಕ್ಕಿಂತ ಕೆಟ್ಟದ್ದು ಇದು.

ಆ ದಿನ ಆ ಹುಡುಗನಿಗೆ ನಾವು ಆಶೀರ್ವಾದ ಮಾಡಲಿಲ್ಲ. ಮೂರು ಕೆಲಸ ಹೇಳಿದೆವು. ಒಂದು, ಇಂದೇ ಕೊಳ್ಳುವವರಿಗೆ ಇದ್ದದ್ದನ್ನು ಇದ್ದಂತೆ ಹೇಳಿ ಮುಂಗಡವನ್ನು ಹಿಂದಿರುಗಿಸು. ಎರಡು, ಗಾಡಿಯ ಕಾಗದಗಳನ್ನು ತೆಗೆದು ಓದು. ದೊಡ್ಡ ಬ್ಯಾಟರಿಗೆ ತಯಾರಕರು ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರು, ಯಾವುದು ಮೊದಲೋ ಅಲ್ಲಿಯವರೆಗೆ, ಭರವಸೆ ಕೊಟ್ಟಿರುತ್ತಾರೆ. ಮೂರು, "ಬ್ಯಾಟರಿ ಹೋಗಿದೆ" ಎಂಬ ಬಾಯಿಮಾತನ್ನು ನಂಬಬೇಡ; ಯಾವ ಮಾಡ್ಯೂಲು, ಯಾವ ಗುಂಪು, ಎಷ್ಟು ವೋಲ್ಟು ಎಂದು ಬರಹದಲ್ಲಿ ಕೇಳಿ ಪಡೆ. "ತೋಟದ ಮಾತು ಆಮೇಲೆ" ಎಂದು ತಂದೆಗೂ ಹೇಳಿದೆವು.

ಹುಡುಗ ಹೋದ. ಭರವಸೆಯ ಪುಸ್ತಕವನ್ನು ಅವನು ತೆರೆದೇ ನೋಡಿರಲಿಲ್ಲ! ತೆರೆದು ನೋಡಿದರೆ ಅವಧಿಗೆ ಇನ್ನೂ ಮೂರು ವರ್ಷ ಉಳಿದಿತ್ತು. ಒಡೆಯ ಬದಲಾದರೂ ಅದು ಗಾಡಿಯ ಜೊತೆಗೇ ಬರತಕ್ಕದ್ದು ಎಂದು ಬರೆದಿತ್ತು. ಬರಹದಲ್ಲಿ ಕೇಳಿದ ಮೇಲೆ ಎರಡನೆಯ ಬಾರಿ ಪರೀಕ್ಷೆ ನಡೆಯಿತು. ಒಂದೇ ಒಂದು ಮಾಡ್ಯೂಲಿನಲ್ಲಿ ದೋಷ, ಉಳಿದವೆಲ್ಲ ಆರೋಗ್ಯವಾಗಿದ್ದವು. ಕಾಗದದ ಮೇಲೆ ಕಾಗದ ಬರೆದು ಎರಡು ತಿಂಗಳು ಕಾದ ಮೇಲೆ ಆ ಒಂದನ್ನು ಬದಲಾಯಿಸಿಕೊಟ್ಟರು. ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದು ತಿಳಿಯಬೇಡಿ. ಕೆಲವು ಬ್ಯಾಟರಿಗಳ ರಚನೆ ಬಿಡಿಯಾಗಿ ಬದಲಾಯಿಸಲು ಬಾರದಂತೆ ಇರುತ್ತದೆ. ಕೆಲವರ ಅವಧಿ ಮುಗಿದಿರುತ್ತದೆ. ಆಗ ನಷ್ಟವನ್ನು ಹೊರಲೇಬೇಕು. ಆದರೆ ಕೇಳದೆ, ಓದದೆ, ಪರೀಕ್ಷಿಸದೆ ಹೊರುವ ನಷ್ಟ ದೈವದ್ದಲ್ಲ, ಮರವೆಯದು.

ಅಲ್ಲಿ ಇನ್ನೊಂದು ಸ್ವಾರಸ್ಯ ನಡೆಯಿತೆಂದು ಹುಡುಗ ಹೇಳಿದ. ಹೊಸ ಮಾಡ್ಯೂಲನ್ನು ತಂದು ಹಾಗೆಯೇ ಹಳೆಯವುಗಳ ನಡುವೆ ಕೂಡಿಸಲಾಗುವುದಿಲ್ಲ. ಹಳೆಯವುಗಳ ವೋಲ್ಟು ಎಷ್ಟಿದೆಯೋ ಆ ಮಟ್ಟಕ್ಕೆ ಹೊಸದನ್ನು ಮೊದಲು ಹೊಂದಿಸಬೇಕು. ಇಲ್ಲವಾದರೆ ಕೂಡಿದ ಮೊದಲ ದಿನವೇ ವಿಷಮವಾಗುತ್ತದೆ. ಅತ್ತೆ ಸೊಸೆಯರಿರುವ ಮನೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಒಬ್ಬ ಸೊರಗಿದ್ದರೆ ಅವನನ್ನು ಹಳಿಯುತ್ತೇವೆ, "ಇವನಿಂದಲೇ ಮನೆ ಹಾಳು" ಎನ್ನುತ್ತೇವೆ. ಇಡೀ ಮನೆಯ ನಡೆ ಸೊರಗಿದವನ ನಡೆಯೇ ಆಗಿರುತ್ತದೆ. ಆದ್ದರಿಂದ ಅವನನ್ನು ಗುರುತಿಸಿ ಎತ್ತುವುದೇ ಉಳಿದವರಿಗೂ ಉಳಿವು. ದಾಸೋಹ ಎಂಬುದು ಬಡವರ ಮೇಲಿನ ಕನಿಕರವೆಂದು ಕೆಲವರು ತಿಳಿದಿದ್ದಾರೆ. ಅಲ್ಲ. ಸರಣಿಯಲ್ಲಿ ಕೂಡಿರುವವರೆಲ್ಲ ಬಾಳಬೇಕಾದ ಕ್ರಮ ಅದು.

ಇನ್ನು ಎಚ್ಚರಿಕೆಯ ನಾಲ್ಕು ಮಾತು. ಇದನ್ನು ಪುರಾಣವೆಂದು ಕೇಳಿ ಬಿಡಬೇಡಿ, ಪ್ರಾಣದ ಮಾತು.

ದಾರಿಯಲ್ಲಿ ಕೆಂಪು ಎಚ್ಚರಿಕೆ ಕಂಡರೆ, "ಇನ್ನು ಹತ್ತು ಮೈಲಿ ತಾನೇ" ಎಂದು ಓಡಿಸಬೇಡಿ. ನಿಧಾನವಾಗಿ ಎಡಕ್ಕೆ ತಂದು, ಎಚ್ಚರಿಕೆಯ ದೀಪ ಹಾಕಿ, ಎಲ್ಲರನ್ನೂ ಇಳಿಸಿ, ರಸ್ತೆಯಿಂದ ದೂರ ನಿಲ್ಲಿಸಿ. ಕಿತ್ತಳೆ ಬಣ್ಣದ ದಪ್ಪ ತಂತಿಗಳಿವೆ, ಅವುಗಳಲ್ಲಿ ಹರಿಯುವುದು ಪ್ರಾಣ ತೆಗೆಯುವ ವಿದ್ಯುತ್ತು, ಯಾರೂ ಮುಟ್ಟಕೂಡದು. ಹಗ್ಗ ಕಟ್ಟಿ ಗಾಲಿಯ ಮೇಲೆ ಎಳೆಸಬೇಡಿ. ಗಾಲಿ ತಿರುಗಿದರೆ ಮೋಟಾರು ತಿರುಗಿ ತಾನೇ ವಿದ್ಯುತ್ತು ಹುಟ್ಟಿಸುತ್ತದೆ, ಹಾನಿಯಾಗುತ್ತದೆ. ಹಲಗೆ ಲಾರಿಯ ಮೇಲೆಯೇ ಹೇರಬೇಕು.

ಗಾಡಿಯ ಅಡಿಯಿಂದ ಬುಸುಗುಟ್ಟುವ ಸದ್ದು, ಹೊಗೆ, ಎಂದೂ ಇಲ್ಲದ ಘಾಟು ಬಂದರೆ ಸಾಮಾನು ತೆಗೆದುಕೊಳ್ಳಲೂ ನಿಲ್ಲಬೇಡಿ. ದೂರ ಸರಿದು 112ಕ್ಕೆ ಫೋನು ಮಾಡಿ. ಒಂದು ಸೆಲ್ಲು ಕಾದು ಹತ್ತಿಕೊಂಡರೆ ಪಕ್ಕದ್ದನ್ನು ಕಾಯಿಸುತ್ತದೆ, ಅದು ಇನ್ನೊಂದನ್ನು. ಆರಿದಂತೆ ಕಂಡ ಬೆಂಕಿ ಗಂಟೆಗಳ ಮೇಲೆ ಮತ್ತೆ ಎದ್ದದ್ದುಂಟು. ಕೆಟ್ಟ ಗಾಡಿಯನ್ನು ಮನೆಯ ಕೆಳಗೆ ನಿಲ್ಲಿಸದೆ ಬಯಲಿನಲ್ಲಿ ನಿಲ್ಲಿಸುವುದು ಇದಕ್ಕಾಗಿಯೇ. ಆ ಇಬ್ಬರು ಮಕ್ಕಳ ಮಾತನ್ನು ನಾವು ಏಕೆ ಎತ್ತಿದೆವು ಎಂಬುದು ಈಗ ನಿಮಗೆ ತಿಳಿದಿರಬೇಕು.

ನೀರಿನ ವಿಷಯದಲ್ಲಿಯೂ ಹಾಗೆಯೇ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು ಕಡೆ ಶ್ರೀಮಂತರ ಬಡಾವಣೆಗಳಿಗೆ ನೀರು ನುಗ್ಗಿ ಕೋಟಿ ಬೆಲೆಯ ಕಾರುಗಳು ಮುಳುಗಿದ್ದನ್ನು ನೋಡಿದಿರಿ. ಅದೇ ತಿಂಗಳ ಕೊನೆಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇಯಾನ್ ಎಂಬ ಚಂಡಮಾರುತ ಬಂದು ಸಮುದ್ರದ ಉಪ್ಪುನೀರಿನಲ್ಲಿ ಮುಳುಗಿದ್ದ ಎಲೆಕ್ಟ್ರಿಕ್ ಕಾರುಗಳಲ್ಲಿ ಕೆಲವು, ನೀರು ಇಳಿದ ಮೇಲೆ ಬೆಂಕಿ ಹತ್ತಿ ಉರಿದವು. ಒಳಗೆ ಉಳಿದ ಉಪ್ಪು ವಿದ್ಯುತ್ತಿಗೆ ಕಳ್ಳದಾರಿ ಮಾಡಿಕೊಟ್ಟಿತ್ತು. ಆದ್ದರಿಂದ ಮುಳುಗಿದ ಗಾಡಿ ಒಣಗಿತೆಂದು ಚಾರ್ಜಿಗೆ ಹಾಕಬೇಡಿ. ಬಲ್ಲವರು ಪರೀಕ್ಷಿಸುವವರೆಗೆ ಮುಟ್ಟಬೇಡಿ.

ಕೆಟ್ಟ ಮೇಲಿನ ಮಾತಾಯಿತು. ಕೆಡದಂತೆ ನೋಡಿಕೊಳ್ಳುವುದು ಹೇಗೆ? ಇಲ್ಲಿ ನಮಗೆ ಆಯ್ದಕ್ಕಿ ಲಕ್ಕಮ್ಮ ತಾಯಿಯವರ ನೆನಪಾಗುತ್ತದೆ. ಗಂಡ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಆ ಮಹಾತಾಯಿ ಹಿಗ್ಗಲಿಲ್ಲ. ನಮಗೆ ಬೇಕಾದಷ್ಟನ್ನು ಉಳಿಸಿ ಮಿಕ್ಕದ್ದನ್ನು ಅಲ್ಲಿಯೇ ಹಾಕಿ ಬನ್ನಿ ಎಂದು ಗಂಡನನ್ನು ತಿರುಗಿ ಕಳುಹಿಸಿದರು. ಬಂಧುಗಳೇ, ಬ್ಯಾಟರಿಯ ಶಾಸ್ತ್ರವೂ ಇದನ್ನೇ ಹೇಳುತ್ತದೆ! ಲಿಥಿಯಮ್ ಬ್ಯಾಟರಿಯನ್ನು ದಿನವೂ ಗಂಟಲಮಟ್ಟ ತುಂಬಿಸಿ ಇಟ್ಟರೆ ಬೇಗ ಮುದಿಯಾಗುತ್ತದೆ. ದಿನದ ಓಡಾಟಕ್ಕೆ ಶೇಕಡಾ 80 ಸಾಕು. ದೂರದ ಊರಿಗೆ ಹೊರಡುವ ದಿನ ಮಾತ್ರ ಪೂರ್ತಿ ತುಂಬಿಸಿ. ಹಾಗೆಂದು ಪೂರ್ತಿ ಬರಿದು ಮಾಡಿಯೂ ಇಡಬಾರದು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಅರ್ಧದಷ್ಟು ಇರಲಿ. ಮನೆಯಲ್ಲಿ ರಾತ್ರಿ ನಿಧಾನವಾಗಿ ತುಂಬಿಸುವುದು ಊಟವಿದ್ದಂತೆ. ಹೆದ್ದಾರಿಯಲ್ಲಿ ಅರ್ಧ ಗಂಟೆಯಲ್ಲಿ ರಭಸದಿಂದ ತುಂಬಿಸುವುದು ಜಾತ್ರೆಯ ಊಟವಿದ್ದಂತೆ, ದಿನವೂ ಬೇಡ. ಬಿಸಿಲಿನಲ್ಲಿ ಕಾಯಿಸಬೇಡಿ, ನೆರಳಿನಲ್ಲಿಡಿ. ಕಬ್ಬಿಣದ ಫಾಸ್ಫೇಟು ಬಳಸಿದ ಇನ್ನೊಂದು ಜಾತಿಯ ಬ್ಯಾಟರಿ ಉಂಟು. ಅದನ್ನು ಆಗಾಗ ಪೂರ್ತಿ ತುಂಬಿಸಬೇಕೆಂದು ತಯಾರಕರೇ ಹೇಳುತ್ತಾರೆ. ನಿಮ್ಮದು ಯಾವ ಜಾತಿಯೆಂದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ನೋಡಿಕೊಳ್ಳಿ. ಜಾತಿ ಕೇಳಬೇಕಾದ ಜಾಗ ಅದೊಂದೇ, ಮನುಷ್ಯರಲ್ಲಿ ಬೇಡ.

ಎಷ್ಟು ಜೋಪಾನ ಮಾಡಿದರೂ ಬ್ಯಾಟರಿ ಸವೆಯುತ್ತದೆ. ಸವೆಯುವುದು ಬೇರೆ, ಕೆಡುವುದು ಬೇರೆ. ವರ್ಷದಿಂದ ವರ್ಷಕ್ಕೆ ಓಡುವ ದೂರ ಸ್ವಲ್ಪ ಸ್ವಲ್ಪ ಕಡಿಮೆಯಾಗುವುದು ಮುಪ್ಪು; ಅದಕ್ಕೆ ಅಳಬೇಕಾಗಿಲ್ಲ. ಶೇಕಡಾ 70ಕ್ಕೆ ಇಳಿದು ಕಾರಿಗೆ ಸಾಲದಾದ ಬ್ಯಾಟರಿ, ಕೆಡದೆ ಉಳಿದಿದ್ದರೆ, ಸೂರ್ಯನ ಬೆಳಕಿನಿಂದ ಪಡೆದ ವಿದ್ಯುತ್ತನ್ನು ಕೂಡಿಡಲು ಇನ್ನೂ ಬರುತ್ತದೆ. ಅದೂ ಮುಗಿದರೆ ಅದರಲ್ಲಿನ ಕೋಬಾಲ್ಟು, ನಿಕ್ಕಲು, ಲಿಥಿಯಮ್ಮನ್ನು ತೆಗೆದು ಹೊಸದಕ್ಕೆ ಬಳಸುತ್ತಾರೆ. ನಮ್ಮ ದೇಶದಲ್ಲಿ 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರದೇ. ತಿಪ್ಪೆಗೆ ಎಸೆಯುವುದೂ ಗುಜರಿಯವನಿಗೆ ಕೊಡುವುದೂ ತಪ್ಪು.

ಮುಪ್ಪಿನ ಮಾತು ಬಂದದ್ದರಿಂದ ಒಬ್ಬ ಮಹನೀಯರನ್ನು ನೆನೆಯಬೇಕು. ಈ ಲಿಥಿಯಮ್ ಬ್ಯಾಟರಿಗಾಗಿ 2019ರಲ್ಲಿ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂತು: ಜಾನ್ ಗುಡೆನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ. ಅವರಲ್ಲಿ ಗುಡೆನಫ್ ಅವರಿಗೆ ಆಗ 97 ವರ್ಷ. ನೊಬೆಲ್ ಪಡೆದವರಲ್ಲೆಲ್ಲ ಹಿರಿಯರು ಅವರೇ. ಆ ವಯಸ್ಸಿನಲ್ಲಿಯೂ ಪ್ರಯೋಗಶಾಲೆಯ ಕೆಲಸ ಬಿಟ್ಟಿರಲಿಲ್ಲ. 2023ರಲ್ಲಿ ನೂರು ತುಂಬಿದ ಮೇಲೆ ಲಿಂಗೈಕ್ಯರಾದರು ಎಂದೇ ನಾವು ಹೇಳುತ್ತೇವೆ. ಕಾಯಕ ಮಾಡಿದವರಿಗೆ ಯಾವ ದೇಶವಾದರೇನು!

ಆ ಹುಡುಗ ಮೊನ್ನೆ ಮತ್ತೆ ಬಂದಿದ್ದ, ಬಸ್ಸಿನಲ್ಲಿ. "ಕಾರೆಲ್ಲಪ್ಪಾ?" ಎಂದೆವು. ಮಾರಿದನಂತೆ. ಕೆಟ್ಟಿದ್ದು, ಪರೀಕ್ಷೆಯಾದದ್ದು, ಮಾಡ್ಯೂಲು ಬದಲಾದದ್ದು, ಎಲ್ಲ ಕಾಗದಗಳನ್ನೂ ಮುಂದಿಟ್ಟು ಮಾರಿದನಂತೆ. ಬೆಲೆ ಕಡಿಮೆ ಬಂತು. ಆದರೆ ಸಾಲ ತೀರಿತು. ಕೊಂಡವರು ಯಾರು ಗೊತ್ತೇ? ಮೊದಲು ಮುಂಗಡ ಕೊಟ್ಟು ಹಿಂದಕ್ಕೆ ಪಡೆದಿದ್ದರಲ್ಲ, ಅವರೇ. "ನೀನು ಸುಳ್ಳು ಹೇಳಬಹುದಾಗಿದ್ದ ದಿನ ನಿಜ ಹೇಳಿದೆ, ಅದಕ್ಕೇ ನಿನ್ನ ಹತ್ತಿರವೇ ಕೊಳ್ಳುತ್ತೇನೆ" ಎಂದರಂತೆ. ತೋಟ ಹಾಗೆಯೇ ಉಳಿಯಿತು. ತಂದೆ ಈ ಸಲ ಕಂಬಕ್ಕೆ ಒರಗದೆ ನಮ್ಮ ಎದುರಿಗೇ ಕುಳಿತು, "ಬುದ್ಧಿ, ಈಗ ರಾತ್ರಿ ನಿದ್ದೆ ಬರುತ್ತೆ" ಎಂದರು. ಆ ದಿನ ಕೊಡದೆ ಇಟ್ಟುಕೊಂಡಿದ್ದ ಆಶೀರ್ವಾದವನ್ನು ಅಂದು ಇಬ್ಬರಿಗೂ ಕೊಟ್ಟು ಕಳುಹಿಸಿದೆವು.

ಕಾರು ಕೊಳ್ಳಬೇಡಿ ಎಂದು ನಾವು ಹೇಳುವುದಿಲ್ಲ. ಹೊಗೆ ಉಗುಳದ ಗಾಡಿ ಒಳ್ಳೆಯದೇ. ಸಾಲ ಮಾಡಿ ಮೆರೆಯಲು ಕೊಳ್ಳಬೇಡಿ ಎಂದು ಮಾತ್ರ ಹೇಳುತ್ತೇವೆ. ಕೊಂಡದ್ದು ಕೆಟ್ಟು ನಿಂತ ದಿನ ಸಿಟ್ಟಿನಿಂದ ಉಡಾಯಿಸಬೇಡಿ, ಭಯದಿಂದ ಮುಚ್ಚಿಡಬೇಡಿ. ಒಂದು ಗಳಿಗೆ ನಿಂತು, "ನಿಜವಾಗಿ ಕೆಟ್ಟದ್ದು ಯಾವುದು?" ಎಂದು ಕೇಳಿಕೊಳ್ಳಿ. ಚಿಕ್ಕದೋ ದೊಡ್ಡದೋ, ಒಂದೋ ಎಲ್ಲವೋ, ಗಾಡಿಯೋ ಮನಸ್ಸೋ? ನಿನ್ನೆ ಆ ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ. ಅರಿವು ಕೆಲಸಕ್ಕೆ ಬರುವ ಹೊತ್ತು ಆ ಒಂದು ಗಳಿಗೆ.

ಬಸವಾದಿ ಪ್ರಮಥರು ನಿಮ್ಮೆಲ್ಲರಿಗೂ ಅಂಥ ಎಚ್ಚರವನ್ನು ಕರುಣಿಸಲಿ ಎಂದು ಹಾರೈಸಿ, ನಮ್ಮ ಮಾತಿಗೆ ಮಂಗಳ ಹಾಡುತ್ತೇವೆ.